ಮೀನುಗಾರನ ಕೈಗೆ ಬಂದ ಮೊಬೈಲ್ ಫೋನು

ಮೊಬೈಲ್ ಫೋನು ಇಲ್ಲದ ಮನೆಯನ್ನು ಇಂದು ಹುಡುಕುವುದೇ ಕಷ್ಟ. ಆದರೆ ಅದು ನಮ್ಮ ದೇಶಕ್ಕೆ ಬಂದ ಹೊಸತರಲ್ಲಿ ಯಾರ ಕೈಯಲ್ಲಿತ್ತು ಎಂದು ನಿಮ್ಮ ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತಾದಿಂದ ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖರಾಂ ಅವರೊಂದಿಗೆ ಮಾತನಾಡಿದ್ದು ದೇಶದ ಮೊದಲ ಮೊಬೈಲ್ ಕರೆ. ಕೇರಳಕ್ಕೆ ಈ ಸೇವೆ ಬಂದದ್ದು ಮರುವರ್ಷ, 1996ರ ಸೆಪ್ಟೆಂಬರ್ 17ರಂದು. ಕೊಚ್ಚಿಯಲ್ಲಿ ಅಲ್ಲಿನ ಮೊದಲ ಕರೆಯನ್ನು ಮಾಡಿದವರು ಸಾಹಿತಿ ತಕಳಿ ಶಿವಶಂಕರ ಪಿಳ್ಳೆ; ಮೀನುಗಾರರ ಬದುಕಿನ ಮೇಲೆ 'ಚೆಮ್ಮೀನ್' ಕಾದಂಬರಿ ಬರೆದವರು. ಆ ಯಂತ್ರ ಕೆಲವೇ ತಿಂಗಳಲ್ಲಿ ತಮ್ಮ ಕಾದಂಬರಿಯ ಜನರ ದೋಣಿ ಏರಲಿದೆ ಎಂದು ಅವರೂ ಊಹಿಸಿರಲಾರರು.

ಊಹಿಸದಿರಲು ಕಾರಣವೂ ಇತ್ತು. ಆ ದಿನಗಳಲ್ಲಿ ಕರೆ ಮಾಡಿದರೆ ನಿಮಿಷಕ್ಕೆ ಹದಿನಾರು ರೂಪಾಯಿಯವರೆಗೆ ತೆರಬೇಕಿತ್ತು. ಬಂದ ಕರೆಯನ್ನು ಎತ್ತಿಕೊಂಡರೂ ದುಡ್ಡು. ಒಳಬರುವ ಕರೆ ಉಚಿತವಾದದ್ದು 2003ರಲ್ಲಿ. ಫೋನಿಗೇ ಐದು ಸಾವಿರ ರೂಪಾಯಿಯಷ್ಟು ಬೇಕಿತ್ತು. ಸಾಮಾನ್ಯ ಜನರಿಗೆ ಎಸ್‌ಟಿಡಿ ಬೂತೇ ಗತಿಯಾಗಿದ್ದ ಕಾಲದಲ್ಲಿ ಮೊಬೈಲ್ ಎಂದರೆ ದೊಡ್ಡ ಉದ್ಯಮಿಗಳ, ವೈದ್ಯರ, ರಾಜಕಾರಣಿಗಳ ವಸ್ತು. ಬರಿಗಾಲಲ್ಲಿ ಬಲೆ ಎಳೆಯುವವನಿಗೆ ಇದರಿಂದ ಏನು ಲಾಭ ಎಂದು ಕೇಳುವವರೇ ಹೆಚ್ಚಾಗಿದ್ದರು.

ಮೊದಲು ಆತನ ವ್ಯಾಪಾರ ಹೇಗಿತ್ತು ಎಂಬುದನ್ನು ತಿಳಿಯೋಣ. ಕಾಸರಗೋಡಿನಿಂದ ಕಣ್ಣೂರು, ವಡಗರ ದಾಟಿ ಕೋಝಿಕ್ಕೋಡಿನವರೆಗಿನ ಕರಾವಳಿಯಲ್ಲಿ ಬೂತಾಯಿ ಮೀನು ಬಡವರ ನಿತ್ಯದ ಊಟ. ಮಲಯಾಳಂನಲ್ಲಿ ಇದನ್ನೇ ಮತ್ತಿ ಎನ್ನುತ್ತಾರೆ. ರಾತ್ರಿ ಕಡಲಿಗೆ ಇಳಿದ ದೋಣಿ ಬೆಳಗ್ಗೆ ದಡಕ್ಕೆ ಬರುತ್ತದೆ. ದಡದಲ್ಲಿಯೇ ಏಲಂ ನಡೆದು ಕೆಲವೇ ಗಂಟೆಗಳಲ್ಲಿ ಸಂತೆ ಮುಗಿಯುತ್ತದೆ. ಬೂತಾಯಿ ಬೇಗ ಕೆಡುವ ಮೀನು. ಸಣ್ಣ ದೋಣಿಯವರಿಗೆ ಅದನ್ನು ನಾಳೆಗೆ ಇಟ್ಟುಕೊಳ್ಳುವ ಅನುಕೂಲವಿರಲಿಲ್ಲ. ಹತ್ತು ಹದಿನೈದು ಕಿಲೋಮೀಟರ್ ಆಚೆಗೆ ಇನ್ನೊಂದು ದಡ, ಇನ್ನೊಂದು ಸಂತೆ ಇರುತ್ತಿತ್ತು ನಿಜ. ಆದರೆ ಅಲ್ಲಿ ಇಂದು ಬೆಲೆ ಹೇಗಿದೆ ಎಂದು ನಡುಗಡಲಲ್ಲಿರುವವನಿಗೆ ತಿಳಿಯುವುದು ಹೇಗೆ? ಇಂಧನ ಸುಟ್ಟು ಅಲ್ಲಿಗೆ ಹೋಗಿ ತಲುಪುವಷ್ಟರಲ್ಲಿ ಅಲ್ಲಿಯೂ ಮೀನು ರಾಶಿ ಬಿದ್ದಿದ್ದರೆ ಎರಡೂ ಕಡೆಯ ಸಂತೆ ತಪ್ಪಿದಂತೆ. ಆದ್ದರಿಂದ ಸಿಕ್ಕಿದ್ದನ್ನು ತನ್ನ ಊರಿನ ದಡದಲ್ಲಿಯೇ, ಸಿಕ್ಕಿದ ಬೆಲೆಗೆ ಕೊಟ್ಟು ಮನೆಗೆ ಹೋಗುವುದು ವಾಡಿಕೆಯಾಗಿತ್ತು.

1997ರ ಜನವರಿ 14ರ ಬೆಳಗಿನ ಒಂದು ಲೆಕ್ಕ ದಾಖಲಾಗಿ ಉಳಿದಿದೆ. ಅಂದು ವಡಗರದ ದಡದಲ್ಲಿ ಹನ್ನೊಂದು ಮಂದಿ ಮೀನುಗಾರರಿಗೆ ಕೊಳ್ಳುವವರೇ ಸಿಗಲಿಲ್ಲ. ಹಿಡಿದ ಮೀನನ್ನು ಚೆಲ್ಲುವುದೊಂದೇ ದಾರಿ. ಅದೇ ಹೊತ್ತಿಗೆ, ಅಲ್ಲಿಂದ ಹದಿನೈದು ಕಿಲೋಮೀಟರ್ ಒಳಗಿನ ಬೇರೆ ಸಂತೆಗಳಲ್ಲಿ 27 ಮಂದಿ ವ್ಯಾಪಾರಿಗಳು ಮೀನು ಸಿಗದೆ ಬರಿಗೈಯಲ್ಲಿ ಹೊರಡುವುದರಲ್ಲಿದ್ದರು. ಒಂದು ಕಡೆ ಮಾಲು, ಇನ್ನೊಂದು ಕಡೆ ಹಣ. ನಡುವೆ ಕೊರತೆಯಾದದ್ದು ಒಂದು ಮಾತು ಮಾತ್ರ.

ಈ ಲೆಕ್ಕವನ್ನು ಬರೆದಿಟ್ಟವರು ಅಮೆರಿಕದ ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸೆನ್. 1996ರಿಂದ 2001ರವರೆಗೆ ಈ ಮೂರು ಪ್ರದೇಶಗಳ ಹದಿನೈದು ದಡಗಳಲ್ಲಿ 300 ದೋಣಿಗಳ ವ್ಯಾಪಾರವನ್ನು ಅವರ ತಂಡ ವಾರ ವಾರವೂ ಬರೆದುಕೊಂಡಿತು. ವಿದ್ಯಾರ್ಥಿಗಳು ಇಲ್ಲಿ ಒಂದು ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ಮೊಬೈಲ್ ಸೇವೆ ಮೂರೂ ಕಡೆ ಒಂದೇ ದಿನ ಬರಲಿಲ್ಲ. ಕೋಝಿಕ್ಕೋಡಿಗೆ 1997ರ ಜನವರಿ ಕೊನೆಗೆ, ಕಣ್ಣೂರಿಗೆ 1998ರ ಜುಲೈನಲ್ಲಿ, ನಮ್ಮ ನೆರೆಯ ಕಾಸರಗೋಡಿಗೆ 2000ದ ಮೇ ತಿಂಗಳಲ್ಲಿ ಬಂತು. ಕಡಲು ಒಂದೇ, ಮೀನು ಒಂದೇ, ಹವೆಯೂ ಹೆಚ್ಚು ಕಡಿಮೆ ಒಂದೇ. ವ್ಯತ್ಯಾಸ ಮೊಬೈಲಿನದ್ದು ಮಾತ್ರ. ಹೀಗಾಗಿ ಬೆಲೆಯಲ್ಲಿ ಆದ ಬದಲಾವಣೆ ಫೋನಿನಿಂದ ಆದದ್ದೋ ಅಥವಾ ಆ ವರ್ಷ ಮೀನು ಹೆಚ್ಚು ಸಿಕ್ಕಿದ್ದರಿಂದ ಆದದ್ದೋ ಎಂದು ಬೇರ್ಪಡಿಸಿ ನೋಡಲು ಸಾಧ್ಯವಾಯಿತು. ಕಾಸರಗೋಡಿನವರು ಮೂರು ವರ್ಷ ಕಾದದ್ದು ಅವರಿಗೆ ನಷ್ಟ, ಶಾಸ್ತ್ರಕ್ಕೆ ಲಾಭ!

ಪೇಟೆಗಳಲ್ಲಿ ನೆಟ್ಟ ಟವರುಗಳು ಸಮುದ್ರಕ್ಕೆ ಹತ್ತಿರವಿದ್ದವು. ಅವುಗಳ ಸಿಗ್ನಲ್ ದಡದಿಂದ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ದೂರದವರೆಗೆ ಸಿಗುತ್ತಿತ್ತು. ಸಣ್ಣ ದೋಣಿಗಳು ಬಲೆ ಬೀಸುವುದೂ ಅಷ್ಟರ ಒಳಗೇ. ಕಂಪೆನಿ ಮೀನುಗಾರರನ್ನು ನೆನೆದು ಟವರು ಹಾಕಿರಲಿಲ್ಲ. ಆದರೂ ಮೀನುಗಾರರು ಅದನ್ನು ಕೂಡಲೇ ಕಂಡುಕೊಂಡರು. ಬಲೆ ಎಳೆದ ಮೇಲೆ ಎರಡು ಮೂರು ದಡಗಳ ವ್ಯಾಪಾರಿಗಳಿಗೆ ಫೋನು ಮಾಡಿ ಬೆಲೆ ಕೇಳಿ, ದೋಣಿಯ ಮೂತಿಯನ್ನು ಅತ್ತ ತಿರುಗಿಸತೊಡಗಿದರು. 2001ರ ಹೊತ್ತಿಗೆ ಶೇಕಡಾ 60ಕ್ಕಿಂತ ಹೆಚ್ಚು ದೋಣಿಗಳಲ್ಲಿ ಫೋನು ಇತ್ತು.

ಫಲಿತಾಂಶವನ್ನು ನೋಡಿ. ಮೊದಲು ದಡದಿಂದ ದಡಕ್ಕೆ ಬೆಲೆಯಲ್ಲಿ ಶೇಕಡಾ 60–70ರಷ್ಟು ಏರುಪೇರು ಇದ್ದದ್ದು ಶೇಕಡಾ 15ಕ್ಕಿಂತ ಕೆಳಕ್ಕೆ ಇಳಿಯಿತು. ದಿನವೂ ಶೇಕಡಾ 5ರಿಂದ 8ರಷ್ಟು ಮೀನು ಮಾರಾಟವಾಗದೆ ವ್ಯರ್ಥವಾಗುತ್ತಿತ್ತು. ಅದು ಪೂರ್ತಿ ನಿಂತುಹೋಯಿತು. ಮೀನುಗಾರರ ಲಾಭ ಸರಾಸರಿ ಶೇಕಡಾ 8ರಷ್ಟು ಹೆಚ್ಚಿತು, ಗ್ರಾಹಕರು ಕೊಡುವ ಬೆಲೆ ಶೇಕಡಾ 4ರಷ್ಟು ಇಳಿಯಿತು. ಮಾರುವವನಿಗೂ ಕೊಳ್ಳುವವನಿಗೂ ಒಟ್ಟಿಗೆ ಲಾಭವಾಗುವುದು ವ್ಯಾಪಾರದಲ್ಲಿ ಅಪರೂಪ. ಫೋನು ಇಲ್ಲದ ದೋಣಿಗಳಿಗೂ ಸ್ವಲ್ಪ ಲಾಭವಾಯಿತು, ಏಕೆಂದರೆ ಫೋನು ಇದ್ದವರು ಬೇರೆ ದಡಕ್ಕೆ ಹೋದ ದಿನ ಊರಿನ ದಡದಲ್ಲಿ ಮೀನಿನ ರಾಶಿ ಕಡಿಮೆಯಾಗುತ್ತಿತ್ತು. ಸರಕಾರದ ಯೋಜನೆಯಾಗಲಿ ಸಬ್ಸಿಡಿಯಾಗಲಿ ಇದರ ಹಿಂದೆ ಇರಲಿಲ್ಲ. 2007ರಲ್ಲಿ ಈ ಅಧ್ಯಯನ ಪ್ರಕಟವಾದ ಮೇಲೆ ಮಲಬಾರಿನ ಬೂತಾಯಿ ಜಗತ್ತಿನ ಅರ್ಥಶಾಸ್ತ್ರ ತರಗತಿಗಳ ಪಾಠವಾಯಿತು.

ಇಲ್ಲಿಗೇ ಈ ಕಥೆಯನ್ನು ನಿಲ್ಲಿಸುವವರು ಬಹಳ ಮಂದಿ. ಆದರೆ ಕಥೆ ಇಷ್ಟು ಸುಲಭವಲ್ಲ.

ಕೆಲವು ವರ್ಷಗಳ ನಂತರ ಜಾನಕಿ ಶ್ರೀನಿವಾಸನ್ ಮತ್ತು ಜೆನ್ನಾ ಬರೆಲ್ ಎಂಬ ಇಬ್ಬರು ಸಂಶೋಧಕಿಯರು ಕೇರಳದ ಮೀನುಗಾರರ ನಡುವೆ ಹೋಗಿ ಮಾತನಾಡಿಸಿ, 2013ರಲ್ಲಿ ತಮ್ಮ ಅಭಿಪ್ರಾಯವನ್ನು ಮಂಡಿಸಿದರು. ಅವರು ಕೇಳಿದ ಪ್ರಶ್ನೆ ಬಹಳ ಸರಳ: ಬೇರೆ ದಡದಲ್ಲಿ ಒಳ್ಳೆಯ ಬೆಲೆ ಇದೆ ಎಂದು ಫೋನಿನಲ್ಲಿ ತಿಳಿದರೂ ಅಲ್ಲಿಗೆ ಹೋಗಿ ಮಾರುವ ಸ್ವಾತಂತ್ರ್ಯ ಮೀನುಗಾರನಿಗೆ ಇದೆಯೇ? ಎಲ್ಲ ಕಡೆಯೂ ಇಲ್ಲ ಎಂಬುದು ಅವರಿಗೆ ಕಂಡಿತು. ದೋಣಿ, ಬಲೆ, ಇಂಜಿನ್ ಕೊಳ್ಳಲು ಹಣ ಕೊಟ್ಟವನು ಹಲವು ಕಡೆ ಏಲಂ ಕೂಗುವ ದಲ್ಲಾಳಿಯೇ. ಆ ಸಾಲ ಇರುವಷ್ಟು ಕಾಲ ಮೀನು ಅವನ ಮೂಲಕವೇ ಹೋಗಬೇಕು, ಅವನ ಕಮಿಷನ್ ಮುರಿದುಕೊಂಡೇ ಹಣ ಬರಬೇಕು. ಅಂಥ ದೋಣಿಯವನಿಗೆ ಫೋನು ಕೈಯಲ್ಲಿದ್ದರೂ ದಿಕ್ಕು ಬದಲಿಸುವಂತಿಲ್ಲ. ಕೇರಳದಲ್ಲಿ ಈ ಕಟ್ಟನ್ನು ಸಡಿಲಿಸಿದ್ದು ಮೀನುಗಾರರ ಸಹಕಾರ ಸಂಘಗಳು. ತಿರುವನಂತಪುರದ ಕಡೆ 1980ರಲ್ಲಿ ಆರಂಭವಾದ ಮೀನುಗಾರರ ಸಂಘಗಳ ಒಕ್ಕೂಟ, 1984ರಲ್ಲಿ ಸರಕಾರ ಕಟ್ಟಿದ ಮತ್ಸ್ಯಫೆಡ್ ಇವೆರಡೂ ಸಾಲವನ್ನೂ ಏಲಂನ್ನೂ ದಲ್ಲಾಳಿಯ ಕೈಯಿಂದ ಬಿಡಿಸಲು ದುಡಿದವು. ಫೋನು ಬರುವುದಕ್ಕೆ ಹತ್ತು ಹದಿನೈದು ವರ್ಷ ಮೊದಲೇ ಈ ಕೆಲಸ ಆರಂಭವಾಗಿತ್ತು ಎಂಬುದನ್ನು ಫೋನಿನ ಗುಣಗಾನ ಮಾಡುವವರು ಮರೆಯುತ್ತಾರೆ.

ಹಾಗಾದರೆ ಸಾಲವೇ ಕೆಟ್ಟದ್ದೇ ಎಂದು ನೀವು ಕೇಳಬಹುದು. ಹೊಲಿಗೆ ಯಂತ್ರದ ಇತಿಹಾಸವನ್ನು ಸ್ವಲ್ಪ ನೋಡಿ. ಮನೆಬಳಕೆಗೆಂದು ಮಾರುಕಟ್ಟೆಗೆ ಬಂದ ಆ ಯಂತ್ರ ನೂರು ಡಾಲರಿಗಿಂತ ಹೆಚ್ಚು ಬೆಲೆಯದ್ದಾಗಿ, ಕೊಳ್ಳುವವರು ಕಡಿಮೆಯಾದಾಗ, ಸಿಂಗರ್ ಕಂಪೆನಿ 1856ರಲ್ಲಿ ಕಂತಿನ ಮಾರಾಟ ಶುರುಮಾಡಿತು. ಮುಂದೆ ಭಾರತದಲ್ಲಿಯೂ ಅದೇ ಪದ್ಧತಿ ಬಂದು, ಬಟ್ಟೆ ಅಂಗಡಿಯ ಜಗಲಿಯಲ್ಲಿ ಕುಳಿತ ದರ್ಜಿಯ ಮುಂದೆ ಯಂತ್ರ ಬಂತು. ಆ ದರ್ಜಿಗೂ ಸಾಲವಿತ್ತು. ಆದರೆ ಹೊಲಿದ ಅಂಗಿಯನ್ನು ಸಿಂಗರ್ ಕಂಪೆನಿಗೇ ತಂದು ಮಾರು ಎಂದು ಯಾರೂ ಕಟ್ಟುಪಾಡು ಹಾಕಲಿಲ್ಲ. ತಿಂಗಳ ಕಂತು ಕಟ್ಟಿದರೆ ಆಯಿತು, ಗಿರಾಕಿ ಅವನವನೇ. ಮೀನುಗಾರನ ಸಾಲಕ್ಕೂ ದರ್ಜಿಯ ಸಾಲಕ್ಕೂ ಇರುವ ಅಂತರ ಇದೇ.

ಈಗ ಮೊಬೈಲಿನ ಎರಡನೆಯ ಅಧ್ಯಾಯ ನಡೆಯುತ್ತಿದೆ. 2016ರಲ್ಲಿ ಯುಪಿಐ ಬಂತು. ಇಂದು ಎಳನೀರು ಮಾರುವವನ ಗಾಡಿಯಲ್ಲಿಯೂ ಕ್ಯೂಆರ್ ಕೋಡಿನ ಹಾಳೆ ಅಂಟಿದೆ. ಚಿಲ್ಲರೆಗೆ ಪರದಾಟವಿಲ್ಲ, ಕಳ್ಳನೋಟಿನ ಭಯವಿಲ್ಲ. ಆದರೆ ಹಿಂದಿನ ಫೋನು ಮಾತನ್ನು ಮಾತ್ರ ದಾಟಿಸುತ್ತಿತ್ತು. ಈಗಿನದು ಲೆಕ್ಕವನ್ನೂ ಬರೆದಿಡುತ್ತದೆ, ಮತ್ತು ಆ ಲೆಕ್ಕವನ್ನು ಓದುವವರು ಬೇರೆಯವರೂ ಇದ್ದಾರೆ. 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟೀಸು ಕಳುಹಿಸಿತು. ಬೆಂಗಳೂರಿನ ಎಷ್ಟೋ ಅಂಗಡಿಗಳು ಕ್ಯೂಆರ್ ಹಾಳೆಯನ್ನು ಕಿತ್ತು, ನಗದು ಮಾತ್ರ ಎಂದು ಬರೆದು ತೂಗುಹಾಕಿದವು. ಅದೇ ತಿಂಗಳು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ವ್ಯಾಪಾರಿ ಪ್ರತಿನಿಧಿಗಳ ಸಭೆ ಕರೆದು, ಹಳೆಯ ಬಾಕಿಯನ್ನು ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಬೇಕು ಎಂದು ಹೇಳಿದ ಮೇಲೆ ಗಲಾಟೆ ತಣ್ಣಗಾಯಿತು.

ಕ್ಯೂಆರ್ ಹಾಳೆ ಕೀಳುವುದು ನನ್ನ ದೃಷ್ಟಿಯಲ್ಲಿ ಉತ್ತರವಲ್ಲ. ಗಿರಾಕಿಯೇ ಪಕ್ಕದ ಅಂಗಡಿಗೆ ಹೋಗುತ್ತಾನೆ. ವಿಷಯವನ್ನು ತಿಳಿದಿರಬೇಕು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ರೂಪಾಯಿ ವಹಿವಾಟು ದಾಟಿದರೆ ನೋಂದಣಿ ಬೇಕು. ತಾಜಾ ಮೀನು, ತಾಜಾ ತರಕಾರಿ, ಹಾಲಿಗೆ ಜಿಎಸ್‌ಟಿ ಇಲ್ಲ. ಅವನ್ನು ಮಾತ್ರ ಮಾರುವವರಿಗೆ ವಹಿವಾಟು ಎಷ್ಟೇ ಆದರೂ ನೋಂದಣಿ ಬೇಕಿಲ್ಲ. ಮನೆಯವರ, ಸಂಬಂಧಿಕರ ಹಣ ಅದೇ ಖಾತೆಗೆ ಬಂದರೆ ಅದೂ ವ್ಯಾಪಾರದ ಹಣದಂತೆ ಕಾಣುತ್ತದೆ. ಬಂದ ಹಣವೆಲ್ಲ ಫೋನಿನಲ್ಲಿ ದಾಖಲಾಗುತ್ತದೆ; ಮಾಲಿಗೆ ನಗದಾಗಿ ಕೊಟ್ಟದ್ದು, ಕೂಲಿಗೆ ಹೋದದ್ದು, ಐಸಿಗೆ ಹೋದದ್ದು ದಾಖಲಾಗುವುದಿಲ್ಲ. ನಮ್ಮಲ್ಲಿ ಎಷ್ಟೋ ಮನೆಗಳ ಹಿರಿಯರು ಈ ಎರಡನೆಯ ಲೆಕ್ಕವನ್ನು ಬಾಯಲ್ಲಿ ಇಟ್ಟುಕೊಂಡಿದ್ದಾರೆ, ಪುಸ್ತಕದಲ್ಲಿ ಅಲ್ಲ. ನಿಮ್ಮ ಬಾಪ ಅಥವಾ ಕಾಕಾ ಅಂಗಡಿ ಮುಚ್ಚಿ ಬಂದ ಮೇಲೆ ಕಾಮರ್ಸ್ ಓದುವ ನೀವು ಹತ್ತು ನಿಮಿಷ ಪಕ್ಕದಲ್ಲಿ ಕುಳಿತರೆ ಆ ದಿನದ ಖರ್ಚಿನ ಪುಟ ತುಂಬುತ್ತದೆ.