ಅಪಾಯಕಾರಿ ವಸ್ತುಗಳ ನಿಯಂತ್ರಣ: ಉದ್ಯೋಗದಾತರ ಕಾನೂನು ಹೊಣೆ

ಕೆಲಸಕ್ಕೆ ಬಳಸುವ ಅಥವಾ ಕೆಲಸದಿಂದಲೇ ಹುಟ್ಟುವ ಧೂಳು, ಹೊಗೆ, ಅನಿಲ, ದ್ರಾವಕಗಳಿಂದ ಕಾರ್ಮಿಕರ ಆರೋಗ್ಯ ಕೆಡದಂತೆ ನೋಡಿಕೊಳ್ಳಬೇಕೆಂದು ಕಾನೂನು ಉದ್ಯೋಗದಾತರಿಗೆ ಹೊಣೆ ವಿಧಿಸಿದೆ. ಭಾರತದಲ್ಲಿ ಇದಕ್ಕೆ ಬಹುಕಾಲ ಆಧಾರವಾಗಿದ್ದುದು 1948ರ ಕಾರ್ಖಾನೆಗಳ ಕಾಯಿದೆ. ಅದರ ಮುಖ್ಯ ಅಂಶಗಳನ್ನು ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಕುರಿತ 2020ರ ಸಂಹಿತೆ ಮುಂದುವರಿಸಿದೆ. ಕಾಯಿಲೆ ಬಂದ ಮೇಲೆ ಪರಿಹಾರ ಕೊಟ್ಟರೆ ಈ ಹೊಣೆ ತೀರುವುದಿಲ್ಲ. ವಿಷವನ್ನು ಅದು ಹುಟ್ಟುವ ಜಾಗದಲ್ಲೇ ತಡೆಯಬೇಕೆಂಬುದು ಇದರ ತಿರುಳು.

ಹೀಗೇಕೆ ಎಂಬುದಕ್ಕೆ ಚರಿತ್ರೆಯಲ್ಲಿ ಎರಡು ಬಗೆಯ ಸಾಕ್ಷ್ಯವಿದೆ. ಕೋಲಾರದ ಚಿನ್ನದ ಗಣಿಗಳಲ್ಲಿ ಬಂಡೆ ಕೊರೆದವರ ಶ್ವಾಸಕೋಶಕ್ಕೆ ಸಿಲಿಕಾ ಧೂಳು ವರ್ಷಗಟ್ಟಲೆ ಸೇರುತ್ತಿತ್ತು. 1940ರ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರ ತಪಾಸಣೆ ನಡೆದಾಗ ಶೇ. 40ಕ್ಕೂ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಕಂಡುಬಂತು. ಈ ಕಾಯಿಲೆಯನ್ನು ಗುಣಪಡಿಸುವ ಔಷಧ ಇಂದಿಗೂ ಇಲ್ಲ. ಇನ್ನೊಂದು ಭೋಪಾಲ್‌ನದು. 1984ರ ಡಿಸೆಂಬರ್ 2ರ ರಾತ್ರಿ ಸೋರಿದ ಮೀಥೈಲ್ ಐಸೋಸಯನೇಟ್ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಮೆಲ್ಲಗೆ ಕೊಲ್ಲುವ ಧೂಳಾಗಲಿ, ಒಂದೇ ರಾತ್ರಿಯಲ್ಲಿ ಕೊಲ್ಲುವ ಅನಿಲವಾಗಲಿ, ದೇಹಕ್ಕೆ ಸೇರಿದ ಮೇಲೆ ಕಾನೂನು ಮಾಡಬಹುದಾದದ್ದು ಬಹಳ ಕಡಿಮೆ. ಆದ್ದರಿಂದಲೇ ಕಾರ್ಖಾನೆಗಳ ಕಾಯಿದೆಗೆ ಬಂದ 1987ರ ತಿದ್ದುಪಡಿ ಅಪಾಯಕಾರಿ ಪ್ರಕ್ರಿಯೆಗಳಿಗೆ ಪ್ರತ್ಯೇಕ ಅಧ್ಯಾಯವನ್ನೇ ಸೇರಿಸಿತು. ವಸ್ತುವಿನ ಅಪಾಯವನ್ನು ಕಾರ್ಮಿಕರಿಗೂ ಸುತ್ತಲಿನ ಜನರಿಗೂ ತಿಳಿಸಬೇಕು. ಕೆಲಸಕ್ಕೆ ಹಚ್ಚುವ ಮುನ್ನ ಮತ್ತು ಆಮೇಲೆ 12 ತಿಂಗಳಿಗೊಮ್ಮೆಯಾದರೂ ವೈದ್ಯಕೀಯ ತಪಾಸಣೆ ಮಾಡಿಸಬೇಕು. ಆರೋಗ್ಯದ ದಾಖಲೆ ಇಡಬೇಕು. ಈ ಅಧ್ಯಾಯದ ಪ್ರಮುಖ ಕರ್ತವ್ಯಗಳನ್ನು ಮೀರಿದವರಿಗೆ ಏಳು ವರ್ಷಗಳವರೆಗೆ ಸೆರೆವಾಸ ವಿಧಿಸಲು ಅವಕಾಶವಿತ್ತು. ಕಲ್ನಾರು ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲಿ, ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದ ದಿನದಿಂದ ಕನಿಷ್ಠ 40 ವರ್ಷ ಕಾಪಾಡಬೇಕೆಂದು ಆದೇಶಿಸಿತು. ಕಲ್ನಾರಿನ ಕಾಯಿಲೆ ನಿವೃತ್ತಿಯ ನಂತರವೂ ತಲೆದೋರಬಲ್ಲದು. ಹಳೆಯ ದಾಖಲೆಯಿಲ್ಲದೆ ಅದರ ಮೂಲವನ್ನು ಸಾಬೀತುಪಡಿಸುವುದು ಕಷ್ಟ.

ಕಾರ್ಮಿಕರೇ ಮಾಸ್ಕ್ ತೆಗೆದಿಡುತ್ತಾರೆ, ಅದಕ್ಕೆ ಮಾಲೀಕರು ಏನು ಮಾಡಲಾದೀತು ಎಂಬುದು ಆಗಾಗ ಕೇಳಿಬರುವ ಆಕ್ಷೇಪ. ಸೆಕೆಯಲ್ಲಿ ಮೈಮುರಿದು ದುಡಿಯುವವರಿಗೆ ಇಡೀ ಪಾಳಿ ಮಾಸ್ಕ್ ಹಾಕಿಕೊಂಡಿರುವುದು ಸುಲಭವಲ್ಲ ಎಂಬುದು ನಿಜ. ಆದರೆ ಅದೇ ಕಾರಣಕ್ಕೆ ಹೊಣೆ ಮಾಲೀಕರ ಕಡೆಗೆ ವಾಲುತ್ತದೆ. ಕಾರ್ಖಾನೆಗಳ ಕಾಯಿದೆಯ 14ನೇ ಕಲಮು ಮಾಸ್ಕಿನಿಂದ ಶುರುವಾಗುತ್ತಿರಲಿಲ್ಲ. ಧೂಳು, ಹೊಗೆಯನ್ನು ಹೀರುವ ಯಂತ್ರವನ್ನು ಅವು ಹುಟ್ಟುವ ಬಿಂದುವಿಗೆ ಆದಷ್ಟು ಹತ್ತಿರ ಅಳವಡಿಸಬೇಕು, ಆ ಜಾಗವನ್ನು ಸಾಧ್ಯವಾದಷ್ಟು ಮುಚ್ಚಬೇಕು ಎನ್ನುತ್ತಿತ್ತು. ಗ್ರೈಂಡಿಂಗ್ ಚಕ್ರದ ಸುತ್ತ ತಗಡಿನ ಕವಚ ಕೂರಿಸಿ, ಕಿಡಿ ಹಾರುವ ದಿಕ್ಕಿನಲ್ಲೇ ಹೀರುಕೊಳವೆ ಇಟ್ಟರೆ ಬಹುಪಾಲು ಧೂಳು ದುಡಿಯುವವರ ಮುಖ ತಲುಪುವುದೇ ಇಲ್ಲ. ಅದರ ಬದಲು ಹೀರುವ ಫ್ಯಾನನ್ನು ದೂರದ ಗೋಡೆಯಲ್ಲಿ ಹಾಕಿದರೆ ಧೂಳು ಅವರ ಮೂಗಿನ ಮುಂದೆಯೇ ಹಾದುಹೋಗುತ್ತದೆ. ಯಾವ ರಾಸಾಯನಿಕ ತರಬೇಕು, ಯಾವ ಯಂತ್ರ ಕೊಳ್ಳಬೇಕು, ಫ್ಯಾನ್ ಎಲ್ಲಿರಬೇಕು ಎಂದು ತೀರ್ಮಾನಿಸುವವರು ಮಾಲೀಕರು. ತೀರ್ಮಾನ ಯಾರದೋ ಹೊಣೆಯೂ ಅವರದೇ ಆಗುವುದು ನ್ಯಾಯ.

ಸಣ್ಣ ಘಟಕಗಳಿಗೆ ಈ ಖರ್ಚು ಭಾರ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಕಲ್ಲು ಕತ್ತರಿಸುವ ಜಾಗಕ್ಕೆ ನೀರು ಹಾಯಿಸುವಂಥ ಕ್ರಮಗಳಿಗೆ ದೊಡ್ಡ ಬಂಡವಾಳ ಬೇಕಿಲ್ಲ. ಮೇಲಾಗಿ, ಉಳಿಸಿದ ಖರ್ಚು ಮಾಯವಾಗುವುದಿಲ್ಲ. ಕಾರ್ಮಿಕರ ಮನೆಯ ಆಸ್ಪತ್ರೆ ಬಿಲ್ಲಾಗಿ, ನಿಂತುಹೋದ ಕೂಲಿಯಾಗಿ ಮರಳುತ್ತದೆ. ಗಾಳಿಯಲ್ಲಿ ವಿಷದ ಪ್ರಮಾಣ ಮಿತಿಯೊಳಗಿದ್ದರೆ ಸಾಲದೇ ಎಂದು ಕೇಳುವವರೂ ಇದ್ದಾರೆ. ಸೀಸದ ಧೂಳಿಗೆ ಘನಮೀಟರಿಗೆ 0.15 ಮಿಲಿಗ್ರಾಂ ಎಂಬಂಥ ಮಿತಿಗಳು ಎಂಟು ಗಂಟೆಯ ಕೆಲಸದ ಸರಾಸರಿ ಲೆಕ್ಕದವು. ಓವರ್‌ಟೈಮ್ ಸೇರಿ ಹನ್ನೆರಡು ಗಂಟೆ ದುಡಿಯುವವರಿಗೆ ಅದೇ ಅಂಕಿ ಅಷ್ಟೇ ರಕ್ಷಣೆ ಕೊಡಲಾರದು. ಮಿತಿ ಎಂಬುದು ದಾಟಬಾರದ ಗೆರೆಯಷ್ಟೇ. ಅದಕ್ಕಿಂತ ಕೆಳಗಿಳಿಸಲು ಸಾಧ್ಯವಿರುವಾಗ ಸುಮ್ಮನಿರಲು ಅದು ಪರವಾನಗಿಯಾಗಬಾರದು. ಹಾಗಾಗಿ ತನಿಖೆಗೆ ಬಂದ ಅಧಿಕಾರಿ ಮಾಸ್ಕುಗಳ ಲೆಕ್ಕ ಕೇಳುವ ಮೊದಲು, ಧೂಳು ಏಳುವ ಜಾಗದಲ್ಲಿ ಅದನ್ನು ಹಿಡಿಯುವ ವ್ಯವಸ್ಥೆ ಇದೆಯೇ, ಅದು ಕೆಲಸ ಮಾಡುತ್ತಿದೆಯೇ ಎಂದು ನೋಡಬೇಕು.