ಕಂಚಿನ ನಾಣ್ಯಗಳ ಶುದ್ಧೀಕರಣ ಮತ್ತು ಸಂರಕ್ಷಣೆ

ಶತಮಾನಗಳ ಕಾಲ ಮಣ್ಣಿನಲ್ಲಿದ್ದ ಕಂಚಿನ ನಾಣ್ಯದ ಹಸಿರು ಪದರವನ್ನು ಕೊಳೆಯೆಂದು ಉಜ್ಜಿ ತೆಗೆಯುವುದು ಸಲ್ಲದು. ಕ್ರಿ.ಶ. 4ನೆಯ ಶತಮಾನದ ಅನೇಕ ರೋಮನ್ ಕಿರುನಾಣ್ಯಗಳಲ್ಲಿ ಮೇಲ್ಮೈ ಲೋಹವಾಗಿ ಉಳಿದಿಲ್ಲ, ಖನಿಜವಾಗಿದೆ. ಚಕ್ರವರ್ತಿ ಕಾನ್‌ಸ್ಟಂಟೈನನ ಮುಖವೂ ಸುತ್ತಲಿನ ಅಕ್ಷರಗಳೂ ನಿಂತಿರುವುದು ಕೆಂಪು ಕ್ಯುಪ್ರೈಟ್, ಹಸಿರು ಮ್ಯಾಲಕೈಟ್ ಎಂಬ ತಾಮ್ರದ ಖನಿಜಗಳ ಪದರಗಳಲ್ಲೇ. ಹುಣಸೆಹಣ್ಣು, ನಿಂಬೆರಸ ಹಿತ್ತಾಳೆ ಚೊಂಬಿಗೆ ಒಗ್ಗುತ್ತವೆ. ಆದರೆ ನಾಣ್ಯದಲ್ಲಿ ಅವುಗಳ ಆಮ್ಲವು ಆ ಖನಿಜ ಪದರವನ್ನೇ ಕರಗಿಸಿ, ಅದರೊಡನೆ ಚಿತ್ರವನ್ನೂ ಒಯ್ಯುತ್ತದೆ.

ಕಿಲುಬನ್ನು ಬಿಟ್ಟರೆ ಅದು ನಾಣ್ಯವನ್ನು ತಿಂದುಹಾಕದೇ ಎಂಬ ಆಕ್ಷೇಪ ಅರ್ಧ ಸರಿ. ತಿನ್ನುವುದು ಎಲ್ಲ ಹಸಿರೂ ಅಲ್ಲ. ತಿಳಿಹಸಿರು ಪುಡಿಯಾಗಿ ಉದುರುವ ‘ಕಂಚಿನ ರೋಗ’ ಮಾತ್ರ. ಒಳಗೆ ಅಡಗಿದ ತಾಮ್ರದ ಕ್ಲೋರೈಡ್ ಗಾಳಿಯ ತೇವ ಹಾಗೂ ಆಮ್ಲಜನಕದೊಡನೆ ವರ್ತಿಸಿ ಹೈಡ್ರೋಕ್ಲೋರಿಕ್ ಆಮ್ಲವನ್ನು ಹುಟ್ಟಿಸುತ್ತದೆ. ಅದು ಉಳಿದ ತಾಮ್ರವನ್ನು ಕೊರೆದು ಮತ್ತೆ ಕ್ಲೋರೈಡ್ ಮಾಡುತ್ತದೆ. ಆದ್ದರಿಂದ ಮದ್ದು ಉಜ್ಜುವಿಕೆಯಲ್ಲ, ಶುಷ್ಕತೆ. ಮನೆಯಲ್ಲಿ ಮಾಡಬಹುದಾದದ್ದು ಇಷ್ಟು: ಭಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿ ಆಗಾಗ ನೀರು ಬದಲಿಸುವುದು, ಭೂತಗನ್ನಡಿಯ ಕೆಳಗೆ ಮರದ ಕಡ್ಡಿಯಿಂದ ಮಣ್ಣು ಬಿಡಿಸುವುದು, ಪೂರ್ತಿ ಒಣಗಿಸಿ ತೇವ ಹೀರುವ ಸಿಲಿಕಾ ಜೆಲ್ ಇಟ್ಟ ಮುಚ್ಚಿದ ಡಬ್ಬಿಯಲ್ಲಿಡುವುದು. ಇದು ನಿಧಾನ, ನಿಜ. ಆದರೆ ಅವಸರದಲ್ಲಿ ಹೋದ ಅಕ್ಷರ ಮರಳಿ ಬಾರದು. ರೋಗ ತಗುಲಿದ ನಾಣ್ಯಕ್ಕೆ ಪ್ರಯೋಗಾಲಯಗಳಲ್ಲಿ ಬಳಸುವ ಬೆಂಜೋಟ್ರಯಜೋಲ್ ಎಂಬ ರಾಸಾಯನಿಕ ವಿಷಕಾರಿ. ಅಡುಗೆಮನೆಯಲ್ಲಿ ಅದಕ್ಕೆ ಜಾಗವಿಲ್ಲ.