ನೀಲಗಿರಿಯ ಹಟ್ಟಿಗಳಲ್ಲಿ ನೆರೆಯವರು ಯಾರು?



ನೆರೆಯವರನ್ನು ಪ್ರೀತಿಸಬೇಕೆಂದು ನಾವು ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇವೆ. ಒಂದು ಪುಟ್ಟ ಊರಿನ ದಿನನಿತ್ಯದ ಬದುಕಿನಲ್ಲಿ ಆ ಪ್ರೀತಿ ಹೇಗಿತ್ತು, ಎಲ್ಲಿ ಸೋತಿತು ಎಂದು ತಿಳಿಯಲು ಈ ಸಲ ನೀಲಗಿರಿಯ ಇತಿಹಾಸವನ್ನು ನೋಡೋಣ.

ಕಟ್ಟಬೆಟ್ಟು ಕೂನೂರು ಮತ್ತು ಕೋತಗಿರಿಯ ನಡುವಿನ ದಾರಿಯಲ್ಲಿದೆ. ಈ ಸೀಮೆಯ ತುಂಬ ಬಡಗರ ಹಟ್ಟಿಗಳು. ಬಡಗ ಎಂದರೆ ಬಡಗು ದಿಕ್ಕಿನವನು, ಉತ್ತರದಿಂದ ಬಂದವನು. 1565ರಲ್ಲಿ ವಿಜಯನಗರ ಸೋತ ನಂತರದ ಕಾಲದಲ್ಲಿ ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದವರ ಮಕ್ಕಳು ನಾವು ಎಂಬ ನೆನಪು ಅವರಲ್ಲಿದೆ. ಅವರ ಮಾತು ನಮ್ಮ ಕನ್ನಡಕ್ಕೆ ಬಹಳ ಹತ್ತಿರ. 1603ರಲ್ಲಿ ಬೆಟ್ಟಕ್ಕೆ ಬಂದ ಯೇಸುಸಭೆಯ ಗುರು ಜಾಕೊಮೊ ಫೆನಿಸಿಯೊ ತೋದವರ ಜೊತೆಗೆ ಬಡಗರನ್ನೂ ಇಲ್ಲಿ ಕಂಡರು.

ಹೊಸದಾಗಿ ಬಂದವರಿಗೆ ಹೊಲವಿದ್ದರೆ ಸಾಲದು, ನೆರೆಯವರೂ ಬೇಕು. ಬಡಗರು ರಾಗಿ, ಸಾಮೆ ಬೆಳೆದರು. ತೋದವರು ಎಮ್ಮೆ ಸಾಕಿ ತುಪ್ಪ ಕೊಟ್ಟರು. ಕೋತರು ಕುಡುಗೋಲು, ಗುದ್ದಲಿ, ಮಡಕೆ ಮಾಡಿಕೊಟ್ಟರು. ಸಾವಿನ ಮನೆಯಲ್ಲಿ ವಾದ್ಯ ನುಡಿಸಿದರು. ಕುರುಂಬರು ಕಾಡಿನಿಂದ ಜೇನು ತಂದರು. ಸುಗ್ಗಿಯಲ್ಲಿ ಬಡಗರ ಧಾನ್ಯದಲ್ಲಿ ಇವರಿಗೆಲ್ಲ ಪಾಲು ಇತ್ತು. ಒಂದು ಬಡಗ ಮನೆಗೆ ಇಂಥದೇ ಕೋತ ಮನೆ ಎಂಬ ನಂಟು ಅಪ್ಪನಿಂದ ಮಗನಿಗೆ ಬರುತ್ತಿತ್ತು. ಗುದ್ದಲಿ ಮುರಿದರೆ ಎಲ್ಲಿಗೆ ಹೋಗಬೇಕೆಂದು ಯಾರೂ ಯೋಚಿಸಬೇಕಿರಲಿಲ್ಲ. ಕೊಟ್ಟ ದಿನವೇ ಲೆಕ್ಕ ತೀರುತ್ತಿರಲಿಲ್ಲ. ಹಾಗಾಗಿ ಸಂಬಂಧವೂ ಮುಗಿಯುತ್ತಿರಲಿಲ್ಲ.

ಆದರೆ ಇದನ್ನು ಬಂಗಾರದ ಕಾಲವೆಂದು ನಾವು ಹೊಗಳಿಬಿಟ್ಟರೆ ಅದು ಸತ್ಯವಾಗದು. ಈ ನಂಟಿನಲ್ಲಿ ಮೇಲುಕೀಳು ಇತ್ತು, ಭಯವೂ ಇತ್ತು. ಕುರುಂಬರಿಗೆ ಮಾಟ ಗೊತ್ತು ಎಂದು ಜನ ನಂಬಿದ್ದರು. ಬಿತ್ತನೆಯ ಹೊತ್ತಿಗೆ ಶುಭವಾಗಲೆಂದು ಅವರನ್ನೇ ಕರೆಯುತ್ತಿದ್ದರು. ಊರಿಗೆ ಕಾಯಿಲೆ ಬಂದರೆ ಅವರನ್ನೇ ಸಂಶಯಿಸುತ್ತಿದ್ದರು. 19ನೇ ಶತಮಾನದಲ್ಲಿ ಈ ಸಂಶಯದಿಂದಲೇ ಕುರುಂಬರ ಕೊಲೆಗಳು ನಡೆದವು. ಜೇನು ತಂದ ಕೈಯನ್ನೇ ಕಷ್ಟ ಬಂದಾಗ ನಂಬಲಿಲ್ಲ.

ಆ ಶತಮಾನದಲ್ಲೇ ಬಾಸೆಲ್ ಮಿಷನ್ನಿನವರು ಕೇತಿಯಲ್ಲಿ ನೆಲೆಸಿ ಹಟ್ಟಿಯಿಂದ ಹಟ್ಟಿಗೆ ನಡೆದರು. ಮುಂದೆ ಲೂಕನ ಸುವಾರ್ತೆ ಬಡಗ ಮಾತಿನಲ್ಲಿ ಅಚ್ಚಾಯಿತು. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಎತ್ತಿ ಆರೈಕೆ ಮಾಡಿದ ಸಮಾರ್ಯದವನ ಕಥೆ ಇರುವುದು ಆ ಸುವಾರ್ತೆಯಲ್ಲೇ. ಆ ಕಥೆಯಲ್ಲಿ ನೆರೆಯವನಾದದ್ದು ಎಲ್ಲರೂ ದೂರವಿಟ್ಟ ಜನಾಂಗದವನು. ಕುರುಂಬರನ್ನು ಕಂಡು ಹೆದರುತ್ತಿದ್ದ ಬೆಟ್ಟದಲ್ಲಿ ಇದು ಸುಲಭದ ಕಥೆಯಾಗಿರಲಿಕ್ಕಿಲ್ಲ.

1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ ಬೆಟ್ಟಕ್ಕೆ ಬಂದ ಮೇಲೆ ರಸ್ತೆ, ಸಂತೆ, ಕೂಲಿ, ನಾಣ್ಯ ಎಲ್ಲ ಬಂದವು. ಆಲೂಗಡ್ಡೆ, ಆಮೇಲೆ ಚಹಾ ಹೊಲಗಳನ್ನು ತುಂಬಿದವು. ಸಂತೆಯಲ್ಲಿ ಗುದ್ದಲಿ ಸಿಗುವಾಗ ಕೋತನ ಮನೆಗೆ ಹೋಗುವುದೇಕೆ? 1930ರ ಸುಮಾರಿಗೆ ಬಡಗರಲ್ಲಿ ಅನೇಕರು ಸಾವಿನ ಮನೆಗೆ ಕೋತರ ವಾದ್ಯವನ್ನು ಕರೆಯುವುದನ್ನೂ ಬಿಟ್ಟರು. ಮೇಲುಕೀಳಿನ ಕಟ್ಟು ಸಡಿಲವಾಯಿತು, ಅದು ಒಳ್ಳೆಯದೇ. ಜೊತೆಗೆ ಒಬ್ಬರ ಮನೆಗೆ ಇನ್ನೊಬ್ಬರು ಹೋಗಲು ಇದ್ದ ಕಾರಣವೂ ಹೋಯಿತು.

ಆದರೂ ಕೂಡಿ ಬಾಳುವ ಬುದ್ಧಿ ಸತ್ತಿಲ್ಲ. ಇಂದು ನೀಲಗಿರಿಯ ಸಣ್ಣ ಬೆಳೆಗಾರರು ತಮ್ಮದೇ ಸಹಕಾರಿ ಕಾರ್ಖಾನೆಗಳಿಗೆ ಚಹಾ ಎಲೆ ಕೊಡುತ್ತಾರೆ. ಕಟ್ಟಬೆಟ್ಟಿನಲ್ಲೂ ಅಂಥದೊಂದು ಇದೆ. ಅರ್ಧ ಎಕರೆಯವನ ಎಲೆಯೂ ಹತ್ತು ಎಕರೆಯವನ ಎಲೆಯೂ ಒಂದೇ ಯಂತ್ರದಲ್ಲಿ ಒಣಗುತ್ತವೆ.

ಗೆಳೆಯರೇ, ಈ ಇತಿಹಾಸ ನಮಗೆ ಎರಡು ಪಾಠ ಕಲಿಸುತ್ತದೆ. ದಯೆ ಬರೀ ಮನಸ್ಸಿನಲ್ಲಿದ್ದರೆ ಬಾಳುವುದಿಲ್ಲ. ಅದಕ್ಕೆ ಸುಗ್ಗಿಯ ಪಾಲಿನಂಥ ಒಂದು ರೂಢಿ ಬೇಕು. ಆದರೆ ರೂಢಿಯೊಂದೇ ಇದ್ದರೆ ಕಾಯಿಲೆಯ ದಿನ ಅದು ಮುರಿದುಬೀಳುತ್ತದೆ. ನಮ್ಮ ಊರಿನಲ್ಲಿ ಕೆಲಸಕ್ಕೆ ಮಾತ್ರ ಕರೆದು ಊಟಕ್ಕೆ ಕರೆಯದ ಮನೆ ಯಾವುದು? ಈ ವಾರ ನಮ್ಮ ಕೂಟದಲ್ಲಿ ಆ ಮನೆಯ ಹೆಸರು ಹೇಳೋಣ, ಮತ್ತು ಹೋಗಿ ಬಾಗಿಲು ತಟ್ಟೋಣ.